ಎಲ್ಲರೂ ಮಾಡ್ತಾರೆ ಅಂದರೆ ಏನು ಹೇಳಲಿ?

ತಮ್ಮಾ, ನಿನ್ನ ಮೆಸೇಜ್ ಓದಿದೆ. ಮೂಡಿಗೆರೆಯಿಂದ ಮೆಲ್ಬರ್ನ್‌ಗೆ ಬಂದು ತಿಂಗಳಾಗಿಲ್ಲ, ಆಗಲೇ ರೂಮಿನ ಹುಡುಗರು "ಲೆಕ್ಕಕ್ಕೆ ತೋರಿಸದೆ ಕ್ಯಾಶ್‌ಗೆ ಕೆಲಸ ಮಾಡು, ಎಲ್ಲರೂ ಮಾಡ್ತಾರೆ" ಅಂತ ಬೆನ್ನು ಬಿದ್ದಿದ್ದಾರೆ. ಒಲ್ಲೆ ಅಂದರೆ ಸತ್ಯಹರಿಶ್ಚಂದ್ರ ಅಂತ ಆಡಿಕೊಳ್ಳುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀಯ.

ಒಲ್ಲೆ ಅಂತಲೇ ಹೇಳು. ನಿನ್ನ ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸ್ ನಡೆಯುವಾಗ ಹದಿನಾಲ್ಕು ದಿನಕ್ಕೆ 48 ಗಂಟೆ ಮಾತ್ರ ಕೆಲಸ. 2023ರ ಜುಲೈ 1ರಿಂದ ಇದೇ ನಿಯಮ. ಕೋರ್ಸ್ ರಜೆಯಲ್ಲಿ ಮಿತಿಯಿಲ್ಲ, ಆಗ ಬೇಕಾದಷ್ಟು ದುಡಿ. ಸಂಬಳ ಕೈಗೆ ಕೊಟ್ಟರೆ ತಪ್ಪಲ್ಲ. ಪೇಸ್ಲಿಪ್ ಇಲ್ಲದೆ, ಟ್ಯಾಕ್ಸ್ ಇಲ್ಲದೆ, ಗಂಟೆ ಬಚ್ಚಿಟ್ಟು ಕೊಡುವುದು ತಪ್ಪು. ಅಂಥ ಕಡೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟರೂ ಹುಡುಗರು ಬಾಯಿ ಬಿಡುವುದಿಲ್ಲ, ವೀಸಾ ಹೋದೀತು ಅನ್ನೋ ಭಯ. ನಿನ್ನ ರೂಮಿನವರಿಗೂ ಹೇಳು: ವೀಸಾ ಯಾವುದಾದರೂ ಕೂಲಿಯ ಹಕ್ಕು ಎಲ್ಲರಿಗೂ ಒಂದೇ, ಕೂಲಿ ವಿಚಾರ ನೋಡಿಕೊಳ್ಳುವ ಇಲ್ಲಿನ ಸರ್ಕಾರಿ ಕಚೇರಿ ಫೇರ್ ವರ್ಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಇದೆಲ್ಲ ನಿನಗೂ ಗೊತ್ತು. ನಮ್ಮವರೇ ಆಡಿಕೊಂಡಾಗ ತಡೆದುಕೊಳ್ಳುವುದೇ ಕಷ್ಟ ಅಲ್ವಾ? ಸಕಲೇಶಪುರದಲ್ಲಿ ನಮ್ಮಪ್ಪ ಒಂದು ವರ್ಷ ಕಾಫಿಗೆ ಬಾಯಿಮಾತಲ್ಲೇ ರೇಟು ಮುಗಿಸಿದ್ದರು. ಲಾರಿ ಬರುವಷ್ಟರಲ್ಲಿ 50 ಕೆಜಿ ಚೀಲದ ಬೆಲೆ ಏರಿತ್ತು. ಚಿಕ್ಕಪ್ಪ ಕಣದಲ್ಲೇ ನಿಂತು "ಅಡ್ವಾನ್ಸ್ ವಾಪಸ್ ಕೊಟ್ಟು ಕಳಿಸು, ಕಾಗದ ಪತ್ರ ಏನೂ ಆಗಿಲ್ಲವಲ್ಲ" ಅಂದರು. ಅಪ್ಪ ವಾದಕ್ಕೆ ಹೋಗಲಿಲ್ಲ. ಒಂದೊಂದೇ ಚೀಲ ತೂಕಕ್ಕೆ ಹಾಕಿಸಿ, ಮೊದಲು ಹೇಳಿದ ರೇಟಿಗೇ ಕೊಟ್ಟರು. ಆ ಯುಗಾದಿಗೆ ಚಿಕ್ಕಪ್ಪ ನಮ್ಮನೆಗೆ ಬರಲಿಲ್ಲ. ಅಪ್ಪನಿಗೆ ಬೇಜಾರಾಗಿತ್ತು, ಆದರೂ ಕೊಟ್ಟದ್ದಕ್ಕೆ ಪೇಚಾಡಲಿಲ್ಲ.

ನೀನೂ ಜಗಳಕ್ಕೆ ಹೋಗಬೇಡ. ಆ ಹುಡುಗರನ್ನು ಕೀಳಾಗಿ ನೋಡಲೂಬೇಡ, ಅವರ ತಲೆ ಮೇಲೂ ಸಾಲ ಇರುತ್ತದೆ.

ಇನ್ನೊಂದು ಮಾತು. ತಿಂಗಳಾ ತಿಂಗಳಾ ಬ್ಯಾಂಕಿನ ಕಂತು ಪೂರ್ತಿ ಕಳಿಸುತ್ತೇನೆ ಅಂತ ಮನೆಯಲ್ಲಿ ಹೇಳಿ ಬಂದಿದ್ದೀಯ. ಬಾಡಿಗೆ, ಊಟ ಕಳೆದು ಎಷ್ಟು ಉಳಿಯುತ್ತದೆ ಅಂತ ಇವತ್ತೇ ಲೆಕ್ಕ ಹಾಕು. ಸಾಲದಿದ್ದರೆ ಈಗಲೇ ನಿಮ್ಮಪ್ಪನಿಗೆ ಫೋನ್ ಮಾಡಿ ಹೇಳು, ಕಂತು ತಪ್ಪಿದ ಮೇಲಲ್ಲ. "ಫಾರಿನ್‌ಗೆ ಹೋದ ಮಗ ಇಷ್ಟೇನಾ ಕಳಿಸೋದು" ಅಂತ ಊರಲ್ಲಿ ಅನ್ನುತ್ತಾರೆ. ಅನ್ನಲಿ. ಆಗುವಷ್ಟೇ ಹೇಳು, ಹೇಳಿದಷ್ಟನ್ನು ತಪ್ಪದೆ ಕಳಿಸು.

ಪೇಸ್ಲಿಪ್ ಕೊಡುವ ಕೆಲಸ ಹುಡುಕಲು ನಾನಿದ್ದೀನಿ. ಶನಿವಾರ ರೆಸ್ಯೂಮೆ ಹಿಡಿದುಕೊಂಡು ಮನೆಗೆ ಬಾ, ಊಟ ಇಲ್ಲೇ ಮಾಡುವಂತೆ.