ಬೋರ್ಡ್ ಓದಿ ಹತ್ತಿ, ಅಕ್ಕೋರೇ

ಪ್ರಶ್ನೆ: ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಕಲಿಸಿ ನಿವೃತ್ತಳಾಗಿದ್ದೇನೆ. ಮುಂದಿನ ತಿಂಗಳು ಲಂಡನ್ನಿನ ಹೌನ್ಸ್‌ಲೋದಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಆರು ವಾರ ಇರುತ್ತೇನೆ. ವಿದೇಶ ಇದೇ ಮೊದಲು. ಮಗ, ಸೊಸೆ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. ಅಲ್ಲಿಯವರೆಗೆ ಮನೆಯಲ್ಲಿ ಸುಮ್ನೆ ಕೂರಲು ಇಷ್ಟವಿಲ್ಲ. ಆದರೆ ಮಂಡಿ ನೋವಿದೆ. ಇಂಗ್ಲಿಷ್ ಓದಬಲ್ಲೆ, ಮಾತಾಡಲು ಹೆದರಿಕೆ. ಆ ನೆಲದಡಿಯ ರೈಲಿನ ನಕ್ಷೆ ನೋಡಿಯೇ ತಲೆ ತಿರುಗಿತು. ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆಯನ್ನು ಒಬ್ಬಳೇ ಹೋಗಿ ನೋಡಿ ಬರುವ ಆಸೆ. ಆದೀತಾ? ದಾರಿ ತಪ್ಪಿದರೆ ಏನು ಮಾಡಲಿ?
– ನಿವೃತ್ತ ಶಿಕ್ಷಕಿ, ಸಿರಸಿ

ಉತ್ತರ: ಅಕ್ಕೋರೇ, ಖಂಡಿತ ಆಗುತ್ತದೆ. ನಿಮ್ಮ ಪತ್ರ ಓದಿ ನನಗೆ 2017ರ ನನ್ನ ಮೊದಲ ಪ್ರಯಾಣವೇ ನೆನಪಾಯಿತು. ಆಗ ನನ್ನ ಮಗಳ ಮನೆಯೂ ಹೌನ್ಸ್‌ಲೋ ಈಸ್ಟ್ ಸ್ಟೇಷನ್ ಹತ್ತಿರವೇ ಇತ್ತು. ಮೊದಲ ಎಂಟು ದಿನ ನಾನು ಕಿಟಕಿಯಿಂದ ರೈಲು ಹೋಗುವುದನ್ನು ನೋಡುತ್ತಾ ಕೂತಿದ್ದೆ. ಆ ಎಂಟು ದಿನ ನಿಮಗೆ ಉಳಿಯಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ನಕ್ಷೆಯನ್ನು ಪಕ್ಕಕ್ಕಿಡಿ. ಅದರಲ್ಲಿ ನೆಲದಡಿಯ ರೈಲಿನವೇ 11 ಬಣ್ಣದ ಗೆರೆಗಳಿವೆ, 272 ಸ್ಟೇಷನ್‌ಗಳಿವೆ. ನಿಮಗೆ ಬೇಕಾದದ್ದು ಒಂದೇ ಗೆರೆ, ಕಡು ನೀಲಿಯದು. ಅದರ ಹೆಸರು ಪಿಕಡಿಲಿ. ಹೀಥ್ರೋ ವಿಮಾನ ನಿಲ್ದಾಣದಿಂದ ಹೊರಟು, ನಿಮ್ಮ ಹೌನ್ಸ್‌ಲೋ ಹಾಯ್ದು, ಊರಿನ ನಡುಮಧ್ಯಕ್ಕೆ ಹೋಗುತ್ತದೆ. ದೊಡ್ಡ ಮ್ಯೂಸಿಯಂಗಳಿರುವ ಸೌತ್ ಕೆನ್ಸಿಂಗ್ಟನ್, ಬಕಿಂಗ್‌ಹ್ಯಾಮ್ ಅರಮನೆಗೆ ನಡೆದು ಹೋಗಬಹುದಾದ ಗ್ರೀನ್ ಪಾರ್ಕ್, ದೂರದೂರಿನ ರೈಲು ಸಿಗುವ ಕಿಂಗ್ಸ್ ಕ್ರಾಸ್, ಎಲ್ಲವೂ ಇದೇ ಗೆರೆಯ ಮೇಲಿವೆ. ಒಂದು ಗೆರೆ ಕೈವಶವಾದರೆ ಉಳಿದದ್ದು ತಾನಾಗಿ ಬರುತ್ತದೆ. ಇನ್ನೊಂದು ಮಾತು: ಆ ನಕ್ಷೆಯಲ್ಲಿ ದೂರದ ಲೆಕ್ಕ ಇಲ್ಲ. ಹ್ಯಾರಿ ಬೆಕ್ ಎಂಬಾತ ರೂಪಿಸಿದ ಆ ಬಗೆಯ ನಕ್ಷೆ 1933ರಲ್ಲಿ ಜನರ ಕೈಗೆ ಬಂತು. ಯಾವುದಾದ ಮೇಲೆ ಯಾವುದು ಎಂದಷ್ಟೇ ಅದು ಹೇಳುತ್ತದೆ. ಲೆಸ್ಟರ್ ಸ್ಕ್ವೇರ್‌ಗೂ ಕೋವೆಂಟ್ ಗಾರ್ಡನ್‌ಗೂ ನಡುವೆ ಇರುವುದು ಬರೀ 260 ಮೀಟರ್. ಅಲ್ಲಿ ರೈಲಿಗಿಂತ ನಡಿಗೆಯೇ ವಾಸಿ.

ನೆಲದಡಿ ಎಂದು ಉಸಿರು ಕಟ್ಟುವ ಭಯವೂ ಬೇಡ. ಹೌನ್ಸ್‌ಲೋ ಈಸ್ಟ್‌ನಿಂದ ಬ್ಯಾರನ್ಸ್ ಕೋರ್ಟ್‌ವರೆಗೆ ರೈಲು ಬಯಲಲ್ಲೇ ಓಡುತ್ತದೆ. ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ, ಮರಗಳು ಕಾಣುತ್ತವೆ. ಸುರಂಗ ಶುರುವಾಗುವುದು ಆಮೇಲೆ.

ಈಗ ನಾನು ದಾರಿ ತಪ್ಪಿದ ಕಥೆ ಹೇಳಬೇಕು. ಒಂದು ಸಂಜೆ ಗ್ರೀನ್ ಪಾರ್ಕ್‌ನಿಂದ ಮನೆಗೆ ಹೊರಟಿದ್ದೆ. ಗೆರೆ ಸರಿ, ಪ್ಲಾಟ್‌ಫಾರಂ ಸರಿ. ಬಂದ ರೈಲು ಹತ್ತಿದೆ. ಆಕ್ಟನ್ ಟೌನ್ ದಾಟಿತು. ಆಮೇಲೆ ಬಂದ ಸ್ಟೇಷನ್ ಹೆಸರುಗಳು ಯಾವುವೂ ನಾನು ಬಲ್ಲವಲ್ಲ. ಈಲಿಂಗ್ ಕಾಮನ್, ನಾರ್ತ್ ಈಲಿಂಗ್, ಪಾರ್ಕ್ ರಾಯಲ್... ಎದೆ ಡವಡವ ಹೊಡೆದುಕೊಳ್ಳತೊಡಗಿತು. ಆಲ್ಪರ್ಟನ್‌ನಲ್ಲಿ ಇಳಿದುಬಿಟ್ಟೆ. ಸೀರೆ ಉಟ್ಟ ಗುಜರಾತಿ ಹೆಂಗಸೊಬ್ಬರು ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. "ಹೀಥ್ರೋ ಗಾಡಿ ಬೇಕಾ? ಆ ಕಡೆಯಿಂದ ವಾಪಸ್ ಹೋಗಿ, ನಾಲ್ಕನೇ ಸ್ಟೇಷನ್" ಎಂದು ಹಿಂದಿಯಲ್ಲಿ ಹೇಳಿ ಎದುರಿನ ಪ್ಲಾಟ್‌ಫಾರಂವರೆಗೆ ಬಂದು ಬಿಟ್ಟರು. ಮನೆ ಸೇರುವಾಗ ಮುಕ್ಕಾಲು ಗಂಟೆ ತಡವಾಗಿತ್ತು, ಅಷ್ಟೇ.

ಆದದ್ದು ಇಷ್ಟು. ಆಕ್ಟನ್ ಟೌನ್‌ನಲ್ಲಿ ನೀಲಿ ಗೆರೆ ಎರಡಾಗುತ್ತದೆ. ಒಂದು ಹೀಥ್ರೋ ಕಡೆಗೆ, ಅಂದರೆ ನಿಮ್ಮ ಕಡೆಗೆ. ಇನ್ನೊಂದು ರೇನರ್ಸ್ ಲೇನ್, ಅಕ್ಸ್‌ಬ್ರಿಜ್ ಕಡೆಗೆ. ಎರಡೂ ಒಂದೇ ಪ್ಲಾಟ್‌ಫಾರಂಗೆ ಬರುತ್ತವೆ. ಕೆಲವು ರೈಲು ನಾರ್ತ್‌ಫೀಲ್ಡ್ಸ್‌ವರೆಗೆ ಮಾತ್ರ ಬಂದು ನಿಲ್ಲುವುದೂ ಉಂಟು. ಸಿರಸಿ ಬಸ್ ಸ್ಟ್ಯಾಂಡಿನಲ್ಲಿ ನೀವು ಕುಮಟಾ ಬಸ್ಸೋ ಹುಬ್ಬಳ್ಳಿ ಬಸ್ಸೋ ಎಂದು ಬೋರ್ಡ್ ಓದದೆ ಹತ್ತುತ್ತೀರಾ? ಇಲ್ಲ ಅಲ್ವಾ? ಇಲ್ಲೂ ಅದೇ. ಪ್ಲಾಟ್‌ಫಾರಂ ಮೇಲೆ ತೂಗುವ ಬೋರ್ಡಿನಲ್ಲಿ ಮುಂದಿನ ರೈಲು ಎಲ್ಲಿಯವರೆಗೆ, ಎಷ್ಟು ನಿಮಿಷಕ್ಕೆ ಎಂದು ಬರುತ್ತದೆ. ಅದನ್ನು ಓದಿಯೇ ಹತ್ತಿ. ಊರೊಳಗೆ ಹೋಗುವಾಗ 'ಈಸ್ಟ್‌ಬೌಂಡ್', ಮನೆಗೆ ಬರುವಾಗ 'ವೆಸ್ಟ್‌ಬೌಂಡ್'. ಇವೆರಡು ಮಾತನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಮನೆಯ ವಿಳಾಸ, ಪಿನ್‌ಕೋಡ್ ಥರ ಅಲ್ಲಿರುವ ಪೋಸ್ಟ್‌ಕೋಡ್, ಮಗನ ನಂಬರ್ ಕೂಡ ಅದೇ ಚೀಟಿಯಲ್ಲಿರಲಿ. ಫೋನಿನ ಚಾರ್ಜ್ ಮುಗಿಯಬಹುದು, ಸುರಂಗದಲ್ಲಿ ಸಿಗ್ನಲ್ ಸಿಗದೆಯೂ ಇರಬಹುದು.

ಮೊದಲ ದಿನ ಬರೀ ಆಕ್ಟನ್ ಟೌನ್‌ವರೆಗೆ ಹೋಗಿ ಬನ್ನಿ. ಹೌನ್ಸ್‌ಲೋ ಈಸ್ಟ್‌ನಿಂದ ಐದನೇ ಸ್ಟೇಷನ್. ಇಳಿಯಿರಿ, ಬೆಂಚಿನ ಮೇಲೆ ಕೂತು ನಾಲ್ಕಾರು ರೈಲಿನ ಬೋರ್ಡ್ ಓದಿ, ಹೀಥ್ರೋದ್ದು ಬಂದಾಗ ಹತ್ತಿ ಮನೆಗೆ ಬನ್ನಿ. ಇದು ಚಿಕ್ಕ ಕೆಲಸ ಅನ್ನಿಸಬಹುದು. ಆದರೆ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ನಿಮಗೆ ಇದರ ಬೆಲೆ ಗೊತ್ತು.

ಟಿಕೆಟ್ಟಿನ ವಿಷಯ. ಮಗನಿಗೆ ಹೇಳಿ ಆಯ್ಸ್ಟರ್ ಕಾರ್ಡ್ ತೆಗೆಸಿಕೊಳ್ಳಿ. ದುಡ್ಡು ತುಂಬಿಸಿ ಬಳಸುವ ಕಾರ್ಡ್ ಅದು. ನಮ್ಮ ಬ್ಯಾಂಕ್ ಕಾರ್ಡನ್ನೂ ಗೇಟಿಗೆ ಮುಟ್ಟಿಸಿ ಹೋಗಬಹುದು, ಆದರೆ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿರಬೇಕು. ಬ್ಯಾಂಕಿನ ಶುಲ್ಕವೂ ಬೀಳಬಹುದು. ರೈಲಿನಲ್ಲಿ ಒಳಗೆ ಹೋಗುವಾಗ ಮುಟ್ಟಿಸಬೇಕು, ಹೊರಗೆ ಬರುವಾಗಲೂ ಅದೇ ಕಾರ್ಡ್ ಮುಟ್ಟಿಸಬೇಕು. ಮರೆತರೆ ಜಾಸ್ತಿ ದುಡ್ಡು ಕತ್ತರಿಸುತ್ತಾರೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದು 2014ರಲ್ಲೇ ನಿಂತಿದೆ, ಕಂಡಕ್ಟರನ್ನು ಹುಡುಕಬೇಡಿ. ಬೆಳಗ್ಗೆ ಒಂಬತ್ತೂವರೆ ಕಳೆದ ಮೇಲೆ ಹೊರಡಿ. ರೈಲಿನ ದರವೂ ಕಮ್ಮಿ, ಕೂರಲು ಜಾಗವೂ ಸಿಗುತ್ತದೆ.

ಮಂಡಿಗೆ ಬಸ್ಸೇ ಒಳ್ಳೆಯದು. ಅಲ್ಲಿನ ಬಸ್ಸಿನ ನೆಲ ತಗ್ಗಾಗಿರುತ್ತದೆ, ನಮ್ಮ ಬಸ್ಸಿನ ಹಾಗೆ ಕಾಲೆತ್ತಿ ಹತ್ತಬೇಕಿಲ್ಲ. ಸ್ಟಾಪಿನಲ್ಲಿ ಕೈ ಅಡ್ಡ ಹಿಡಿಯಿರಿ, ಇಳಿಯುವ ಮೊದಲು ಕೆಂಪು ಗುಂಡಿ ಒತ್ತಿ. ಹೌನ್ಸ್‌ಲೋದಿಂದ 120ನೇ ನಂಬರ್ ಬಸ್ ಸೌತಾಲ್‌ಗೆ ಹೋಗುತ್ತದೆ. ಅಲ್ಲಿ ರೈಲ್ವೆ ಸ್ಟೇಷನ್ನಿನ ಹೆಸರೇ ಗುರುಮುಖಿ ಲಿಪಿಯಲ್ಲೂ ಇದೆ. ಮೆಂತ್ಯೆ ಸೊಪ್ಪು, ಹಾಗಲಕಾಯಿ, ಹಿಂದಿ ಮಾತು ಎಲ್ಲವೂ ಸಿಗುತ್ತವೆ. ಎರಡನೇ ವಾರಕ್ಕೆ ಅಲ್ಲಿಗೆ ಹೋಗಿ, ಮನಸ್ಸು ಹಗುರಾಗುತ್ತದೆ. ಎಸ್ಕಲೇಟರ್‌ನಲ್ಲಿ ಮಾತ್ರ ಬಲಗಡೆ ನಿಲ್ಲಿ, ಎಡಗಡೆ ಅವಸರದವರಿಗೆ ಬಿಡಿ. ಮೆಟ್ಟಿಲಿಲ್ಲದ ಸ್ಟೇಷನ್‌ಗಳನ್ನು ತೋರಿಸುವ ನಕ್ಷೆ ಬೇರೆಯೇ ಇದೆ, ಅದನ್ನು ಮಗನಿಂದ ಪ್ರಿಂಟ್ ಮಾಡಿಸಿಕೊಳ್ಳಿ.

ಇನ್ನು ಬಸವಣ್ಣನವರು. 2015ರ ನವೆಂಬರ್ 14ರಂದು ನಮ್ಮ ಪ್ರಧಾನಿ ಅನಾವರಣ ಮಾಡಿದ ಪ್ರತಿಮೆ ಅದು. ಲ್ಯಾಂಬೆತ್ ಸೇತುವೆಯ ಹತ್ತಿರ, ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿದೆ. ಹೌನ್ಸ್‌ಲೋ ಈಸ್ಟ್‌ನಿಂದ ಗ್ರೀನ್ ಪಾರ್ಕ್‌ಗೆ ಬನ್ನಿ. ಅಲ್ಲಿ ಬೂದು ಬಣ್ಣದ ಜ್ಯುಬಿಲಿ ಗೆರೆಗೆ ಬದಲಾಯಿಸಿ. ಮುಂದಿನದೇ ವೆಸ್ಟ್‌ಮಿನ್‌ಸ್ಟರ್. ಎರಡೂ ಕಡೆ ಲಿಫ್ಟ್ ಇದೆ. ಹೊರಗೆ ಬಂದರೆ ತಲೆಯ ಮೇಲೆಯೇ ಬಿಗ್ ಬೆನ್. ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ, ಆಸ್ಪತ್ರೆಯ ಪಕ್ಕದಲ್ಲಿ ನದಿ ಹಿಡಿದು ನಡೆಯಿರಿ. ಇಳಿಯಲು ಕೆಲವು ಮೆಟ್ಟಿಲುಗಳಿವೆ, ಕಂಬಿ ಹಿಡಿದು ನಿಧಾನ ಇಳಿಯಿರಿ. ದಾರಿಯುದ್ದಕ್ಕೂ ಗೋಡೆಯ ಮೇಲೆ ಕೆಂಪು ಹೃದಯಗಳನ್ನು ಬಿಡಿಸಿದ್ದಾರೆ. ಕೊರೊನಾದಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. ನಾನು ಎರಡನೇ ಸಲ ಹೋದಾಗ ಅಲ್ಲಿ ತುಂಬಾ ಹೊತ್ತು ನಿಂತಿದ್ದೆ. ಕೂರಲು ಬೆಂಚುಗಳಿವೆ, ಅರ್ಧ ಗಂಟೆಯ ನಿಧಾನ ನಡಿಗೆ. ಲ್ಯಾಂಬೆತ್ ಸೇತುವೆ ಬಂದಾಗ ಅದನ್ನು ಹತ್ತಬೇಡಿ, ಅದೇ ದಡದಲ್ಲಿ ಮುಂದೆ ಹೋದರೆ ಬಸವಣ್ಣನವರು ಸಿಗುತ್ತಾರೆ.

ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಿ. ನಾಲ್ಕು ಗಂಟೆಯ ಮೇಲೆ ರೈಲು ತುಂಬುತ್ತದೆ, ಅದಕ್ಕೆ ಮೊದಲೇ ಹೊರಡಿ. ಗ್ರೀನ್ ಪಾರ್ಕ್‌ನಲ್ಲಿ ಮತ್ತೆ ನೀಲಿ ಗೆರೆ, ವೆಸ್ಟ್‌ಬೌಂಡ್. ಮೊದಲು ಬಂದದ್ದು ರೇನರ್ಸ್ ಲೇನ್ ರೈಲಾದರೆ ಹೋಗಲಿ ಬಿಡಿ. ಬೋರ್ಡಿನಲ್ಲಿ ಹೀಥ್ರೋ ಎಂದು ಬರುವವರೆಗೆ ನಿಂತಿರಿ.