ಬಲಕ್ಕೆ ವಾಲುವ ಮಾರಿಸ್ ಮೈನರ್

ಪ್ರಶ್ನೆ: ನನ್ನಲ್ಲಿ 1958ರ ಮಾರಿಸ್ ಮೈನರ್ 1000 ಕಾರಿದೆ. ಎಲ್ಲಿ ನಿಲ್ಲಿಸಿದರೂ ಅದರ ಬಲಬದಿ ಒಂದು ಇಂಚಿನಷ್ಟು ತಗ್ಗಿರುತ್ತದೆ. ಮುಂದಿನ ಎರಡೂ ಟೈರುಗಳು ಹೊರ ಅಂಚಿನಲ್ಲಿ ಸವೆಯುತ್ತಿವೆ. ಅಲೈನ್‌ಮೆಂಟ್ ಮಾಡುವವರು ತಮ್ಮ ಕಂಪ್ಯೂಟರಿನಲ್ಲಿ ಈ ಕಾರಿನ ಹೆಸರೇ ಇಲ್ಲವೆಂದು ವಾಪಸು ಕಳುಹಿಸಿದರು. ಮನೆಯಲ್ಲೇ ಸರಿಪಡಿಸಿಕೊಳ್ಳಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಸರಿಪಡಿಸಿಕೊಳ್ಳಬಹುದು, ಆದರೆ ಎತ್ತರ ಸರಿಹೋಗುವವರೆಗೆ ಅಲೈನ್‌ಮೆಂಟ್ ಮುಟ್ಟಬೇಡಿ. ಕಾರಿನ ಎತ್ತರ ಬದಲಾದೊಡನೆ ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗ್ ಟೈ ರಾಡ್‌ಗಳ ಓರೆಯೂ ಬದಲಾಗುವುದರಿಂದ, ಮೊದಲು ಹೊಂದಿಸಿದ ಟೋ, ಅಂದರೆ ಮುಂದಿನ ಎರಡು ಚಕ್ರಗಳು ಒಳಮುಖ ಅಥವಾ ಹೊರಮುಖವಾಗಿರುವ ಅಳತೆ, ಮತ್ತೆ ಕೆಡುತ್ತದೆ.

ಅಲೆಕ್ ಇಸಿಗೊನಿಸ್ ರೂಪಿಸಿ 1948ರಲ್ಲಿ ಹೊರಬಂದ ಈ ಕಾರಿನ ಮುಂಭಾಗದ ಭಾರವನ್ನು ಟಾರ್ಷನ್ ಬಾರ್‌ಗಳು, ಅಂದರೆ ಉದ್ದಕ್ಕೆ ಮಲಗಿಸಿದ ಎರಡು ಉಕ್ಕಿನ ಸರಳುಗಳು, ತಿರುಚಿಕೊಳ್ಳುತ್ತಾ ಹೊರುತ್ತವೆ. ಹಿಂದೆ ಇರುವುದು ಕಮಾನು ಪಟ್ಟೆ (ಲೀಫ್ ಸ್ಪ್ರಿಂಗ್). ಆದ್ದರಿಂದ ವಾಲುವಿಕೆಯ ಮೂಲ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಟೈರುಗಳ ಗಾಳಿ ಸಮ ಮಾಡಿ, ಮುಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಹಿಂದಿನ ಡಿಫರೆನ್ಷಿಯಲ್ ಗುಂಡಿನ ನಡುವೆ ಜಾಕ್ ಇಟ್ಟು ಹಿಂದಿನ ಚಕ್ರಗಳು ನೆಲ ಬಿಡುವಷ್ಟೇ ಎತ್ತಿರಿ. ಆಗ ಮೈ ಸಮಕ್ಕೆ ಬಂದರೆ ದೋಷ ಹಿಂದಿನ ಪಟ್ಟೆಯದು. ವಾಲುವಿಕೆ ಹಾಗೆಯೇ ಉಳಿದರೆ ಮುಂದಿನದು. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಸುಳಬಾರದು. ಚಾಲಕರೊಬ್ಬರೇ ಕುಳಿತು ಓಡಿಸಿದ ಹಳೆಯ ಕಾರುಗಳಲ್ಲಿ ಬಲಬದಿಯ ಪಟ್ಟೆ ಹೆಚ್ಚು ಕುಸಿದಿರುವುದೂ ಉಂಟು, ಹಾಗಾಗಿ ಬಾರ್‌ನ ಮೇಲೆ ಆರೋಪ ಹೊರಿಸಲು ಅವಸರ ಬೇಡ.

ದೋಷ ಮುಂದಿನದಾದರೆ, ಚಕ್ರ ಎತ್ತಿ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ ನೋಡಿ. ಈ ಕಾರಿನಲ್ಲಿ ಚಕ್ರವನ್ನು ಹೊತ್ತ ಸ್ಟಬ್ ಆಕ್ಸಲ್, ತಿರುಪಿನ ಮರೆ (ಥ್ರೆಡ್) ಇರುವ ಟ್ರನಿಯನ್ ಎಂಬ ಕೀಲುಗಳಲ್ಲಿ ತಿರುಗುತ್ತದೆ. ಗ್ರೀಸ್ ಕಾಣದೆ ಆ ಮರೆ ಸವೆದರೆ ಚಕ್ರವೇ ಕಳಚಿ ಮಡಚಿಕೊಳ್ಳುವ ಅಪಾಯವಿದೆ. ಅಲ್ಲಿ ಸಡಿಲ ಅಲುಗಾಟ ಕಂಡರೆ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ ಅದನ್ನೇ ಮೊದಲು ಬದಲಿಸಿರಿ.

ಎತ್ತರ ಅಳೆಯುವ ಮುನ್ನ ನೆಲದ ಮಟ್ಟ ನೋಡಬೇಕು. ಗಾರೆಯವರ ಟ್ಯೂಬ್ ಲೆವೆಲ್ ಸಾಕು. ನಾಲ್ಕೂ ಟೈರುಗಳ ಕೆಳಗಿನ ಏರುಪೇರನ್ನು ತೆಳು ಹಲಗೆಗಳಿಂದ ತುಂಬಿ, ಕಾರನ್ನು ಹಿಂದೆ ಮುಂದೆ ತಳ್ಳಿ, ಬಂಪರನ್ನು ಒತ್ತಿ ಬಿಟ್ಟು, ಆಮೇಲೆ ಚಾಸಿಯಿಂದ ನೆಲಕ್ಕೆ ಅಳೆಯಿರಿ. ಹಲವು ಬಾರಿ ಟಿಂಕರಿಂಗ್ ಕಂಡಿರಬಹುದಾದ ಮಡ್‌ಗಾರ್ಡಿನ ಅಂಚು ನಂಬಲರ್ಹವಲ್ಲ. ಎತ್ತರವನ್ನು ಬಾರ್‌ನ ಹಿಂತುದಿಯ ಲಿವರ್‌ನಲ್ಲಿ ಹೊಂದಿಸಲಾಗುತ್ತದೆ. ಕೆಳ ಆರ್ಮ್‌ಗೆ ಜಾಕ್ ಆನಿಸಿ ನಿಧಾನವಾಗಿ ಇಳಿಸಿ, ಬಾರ್‌ನ ತಿರುಚು ಪೂರ್ತಿ ಸಡಿಲಾಗುವವರೆಗೆ ಆ ಲಿವರ್‌ನ ಬೋಲ್ಟ್ ಮುಟ್ಟಬೇಡಿ. ಅನುಭವವಿಲ್ಲದಿದ್ದರೆ ಇಷ್ಟನ್ನು ಮಾತ್ರ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ಬಿಡುವುದು ಲೇಸು. ಬಳಸಿದ ಬಾರ್‌ಗಳನ್ನು ಎಡಬಲ ಅದಲು ಬದಲು ಮಾಡಬಾರದು. ಅವುಗಳ ಮೇಲೆ ಉಳಿಯ ಗೀರೂ ಬೀಳಬಾರದು, ಏಕೆಂದರೆ ಬಿರುಕು ಹುಟ್ಟುವುದು ಅಂಥ ಗೀರಿನಲ್ಲೇ.

ಇನ್ನು ಟೋ. ಟೈರುಗಳ ಹೊರ ಅಂಚು ಸವೆಯುತ್ತಿರುವುದು ಚಕ್ರಗಳ ಮುಂಭಾಗ ಅತಿಯಾಗಿ ಒಳಮುಖವಾಗಿರುವ ಲಕ್ಷಣ. ಈ ಕಾರಿಗೆ ಹೇಳಿದ ಟೋ-ಇನ್ 3/32 ಇಂಚು, ಅಂದರೆ ಸುಮಾರು 2.4 ಮಿ.ಮೀ. ಅದು ಆ ಕಾಲದ ಕ್ರಾಸ್‌ಪ್ಲೈ ಟೈರಿನ ಲೆಕ್ಕ. ರೇಡಿಯಲ್ ಹಾಕಿದ್ದರೆ ಇನ್ನೂ ಕಡಿಮೆ ಸಾಕು. ಸ್ಟಿಯರಿಂಗ್ ನೇರವಿಟ್ಟು, ಎರಡೂ ರಿಮ್‌ಗಳ ಒಳ ಅಂಚಿನಲ್ಲಿ ಆಕ್ಸಲ್ ಎತ್ತರಕ್ಕೆ ಮುಂಭಾಗದಲ್ಲಿ ಸುಣ್ಣದ ಗುರುತು ಮಾಡಿ ಅಂತರ ಅಳೆಯಿರಿ. ಗುರುತು ಅದೇ ಎತ್ತರದಲ್ಲಿ ಹಿಂಭಾಗಕ್ಕೆ ಬರುವಂತೆ ಕಾರನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ಹಿಂದಿನ ಅಂತರದಲ್ಲಿ ಮುಂದಿನದನ್ನು ಕಳೆದರೆ ಉಳಿಯುವುದೇ ಟೋ-ಇನ್. ಒಂದೇ ಜೋಡಿ ಗುರುತುಗಳನ್ನು ಬಳಸುವುದರಿಂದ ರಿಮ್‌ನ ಸೊಟ್ಟು ಲೆಕ್ಕಕ್ಕೆ ಬರುವುದಿಲ್ಲ. ಟೈ ರಾಡ್‌ಗಳನ್ನು ಎರಡೂ ಬದಿ ಸಮವಾಗಿ ತಿರುಗಿಸಿರಿ, ಇಲ್ಲವಾದರೆ ಸ್ಟಿಯರಿಂಗ್ ಚಕ್ರ ಓರೆಯಾಗುತ್ತದೆ. ಪ್ರತಿ ತಿದ್ದುಪಡಿಯ ನಂತರ ಕಾರನ್ನು ಉರುಳಿಸಿಯೇ ಅಳೆಯಬೇಕು.

ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಓರೆ) ಮತ್ತು ಕ್ಯಾಸ್ಟರ್ (ಸ್ಟಿಯರಿಂಗ್ ತಿರುಗುವ ಅಚ್ಚಿನ ಹಿಂದು ಮುಂದಿನ ಓರೆ) ಹೊಂದಿಸಲು ಈ ಕಾರಿನಲ್ಲಿ ತಿರುಪು ಇಲ್ಲ. ತೂಗುಗುಂಡು ಹಿಡಿದಾಗ ಎಡಬಲ ಚಕ್ರಗಳ ಓರೆ ಬೇರೆಬೇರೆ ಕಂಡರೆ, ಬುಷ್ ಸವೆದಿದೆ ಅಥವಾ ಆರ್ಮ್ ಬಾಗಿದೆ ಎಂದು ತಿಳಿಯಬೇಕು.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಗೂ ಇದೇ ರೀತಿ ಮುಂಭಾಗದ ಎತ್ತರ ಹೊಂದಿಸಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ. ಅದರ ಮುಂಭಾಗದಲ್ಲಿರುವುದು ಸುರುಳಿ ಸ್ಪ್ರಿಂಗ್. ಕುಸಿದಿದ್ದರೆ ಜೋಡಿಯಾಗಿಯೇ ಬದಲಿಸಬೇಕು. ಸ್ಪ್ರಿಂಗ್ ಕತ್ತರಿಸಿ ಎತ್ತರ ಇಳಿಸುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಹಿಂದಿನ ಕಮಾನು ಪಟ್ಟೆಯನ್ನು ಲಾರಿ ಪಟ್ಟೆ ಕೆಲಸದವರಲ್ಲಿ ಮತ್ತೆ ಬಾಗಿಸಿಕೊಳ್ಳಬಹುದು. ಆದರೆ ಎರಡೂ ಬದಿಯದನ್ನು ಒಟ್ಟಿಗೇ ಮಾಡಿಸಿರಿ.