ಓದುಗರ ಪ್ರಶ್ನೆ: ಶಾಲೆ ತೆರೆದಿದೆ, ಕೊಠಡಿ ಸಿದ್ಧವೇ?

2020ರ ಮಾರ್ಚ್‌ನಲ್ಲಿ ಕೋವಿಡ್ ಸೋಂಕಿನಿಂದಾಗಿ ಮುಚ್ಚಿದ್ದ ಕರ್ನಾಟಕದ ಒಂದರಿಂದ ಐದನೇ ತರಗತಿಗಳು 2021ರ ಅಕ್ಟೋಬರ್ 25ರಿಂದ ಮತ್ತೆ ಶುರುವಾದವು. ಆಗ ಓದುಗರು ಕೇಳಿದ ಪ್ರಶ್ನೆಗಳಿಗೆ ಶಿಕ್ಷಕರ ಬಳಗ ಇಲ್ಲಿ ಉತ್ತರಿಸಿದೆ.

ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬ್ಲೀಚಿಂಗ್ ಪೌಡರ್ ಚೀಲ ತಂದುಕೊಟ್ಟಿದ್ದಾರೆ. ಎಷ್ಟು ಕಲಸಬೇಕು? ದಿನಕ್ಕೆ ಎಷ್ಟು ಸಲ ಸಿಂಪಡಿಸಬೇಕು?
– ಮುಖ್ಯ ಶಿಕ್ಷಕಿ, ಹಾವೇರಿ ಜಿಲ್ಲೆ

ಸಿಂಪಡಿಸುವುದು ಬೇಡ, ಒರೆಸಿ. ಶೇ 30 ಕ್ಲೋರಿನ್ ಇರುವ ಪುಡಿಯಾದರೆ ಶೌಚಾಲಯಕ್ಕೆ 1 ಲೀಟರ್ ನೀರಿಗೆ ಸುಮಾರು 33 ಗ್ರಾಂ ಹಾಕಿ, ಅದು ಶೇ 1ರ ದ್ರಾವಣ. ಡೆಸ್ಕ್, ಬಾಗಿಲ ಚಿಲಕಗಳಿಗೆ ಅಷ್ಟೇ ಪುಡಿ 10 ಲೀಟರ್ ನೀರಿಗೆ ಸಾಕು. ಕಲಸಿ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನಷ್ಟೇ ಬಳಸಿ. ಮೊದಲು ಸೋಪುನೀರಿನಿಂದ ಕೊಳೆ ತೆಗೆಯಲೇಬೇಕು, ಇಲ್ಲದಿದ್ದರೆ ಕ್ಲೋರಿನ್ನೆಲ್ಲ ಕೊಳೆಗೇ ಖರ್ಚಾಗುತ್ತದೆ. ದ್ರಾವಣ ಹಚ್ಚಿ 10 ನಿಮಿಷ ಬಿಟ್ಟು ಬರಿ ನೀರಿನಲ್ಲಿ ಒರೆಸದಿದ್ದರೆ ಕಬ್ಬಿಣದ ಬೆಂಚಿಗೆ ತುಕ್ಕು ಹಿಡಿಯುತ್ತದೆ. ನಿನ್ನೆಯ ದ್ರಾವಣ ಇಂದಿಗೆ ಬೇಡ. ಶೌಚಾಲಯದ ಆ್ಯಸಿಡ್ ಜೊತೆ ಅಪ್ಪಿತಪ್ಪಿಯೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಮಕ್ಕಳ ಮೈಮೇಲಂತೂ ಎಂದೂ ಸಿಂಪಡಿಸಬಾರದು.

ಇಷ್ಟು ಹೇಳಿದ ಮೇಲೆ ಒಂದು ಮಾತು: ಈ ಸೋಂಕು ಹೆಚ್ಚಾಗಿ ಹರಡುವುದು ಉಸಿರಿನಿಂದ, ಡೆಸ್ಕಿನಿಂದಲ್ಲ. ದಿನಕ್ಕೊಮ್ಮೆ ಒರೆಸಿದರೆ ಸಾಕು. ಉಳಿದ ಶ್ರಮವೆಲ್ಲ ಕಿಟಕಿಗೆ ಹೋಗಲಿ.

ಒಂದೇ ಕೊಠಡಿ, 42 ಮಕ್ಕಳು. ಏನು ಮಾಡಲಿ?
– ಸಹಶಿಕ್ಷಕ, ರಾಯಚೂರು ಜಿಲ್ಲೆ

20 ಅಡಿ ಉದ್ದ, 20 ಅಡಿ ಅಗಲದ ಕೊಠಡಿಯಲ್ಲಿ ಶಿಕ್ಷಕರಿಗೆ ಮುಂದೆ 6 ಅಡಿ ಬಿಟ್ಟು, ಆರಾರು ಅಡಿಗೊಬ್ಬರಂತೆ ಕೂರಿಸಿದರೆ ಅಡ್ಡಕ್ಕೆ 4, ಹಿಂದಕ್ಕೆ 3, ಒಟ್ಟು 12 ಮಕ್ಕಳು. 2021ರ ಜುಲೈನ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಕೊಠಡಿಗೆ 12 ಮಂದಿಯೇ ಇದ್ದರು. ಹಾಗಾಗಿ ನಿಮ್ಮ ತರಗತಿಯನ್ನು ಗುಂಪು ಮಾಡದೆ ಗತಿಯಿಲ್ಲ: ಒಂದು ಗುಂಪು ಒಳಗೆ, ಒಂದು ಜಗಲಿಯಲ್ಲಿ, ಒಂದು ಮರದ ನೆರಳಲ್ಲಿ. ಆಗದಿದ್ದರೆ ದಿನ ಬಿಟ್ಟು ದಿನ ಕರೆಸಿ. ಗುಂಪಿನ ಮಕ್ಕಳನ್ನು ಮಾತ್ರ ಬದಲಿಸಬೇಡಿ. ಯಾರಿಗಾದರೂ ಸೋಂಕು ಬಂದರೆ ಯಾರನ್ನು ಪರೀಕ್ಷೆಗೆ ಕಳಿಸಬೇಕೆಂದು ಆಗ ತಕ್ಷಣ ತಿಳಿಯುತ್ತದೆ.

ಗಾಳಿ ಆಡುತ್ತದೆಯೇ ಎಂದು ನೋಡಲು ಕೊಠಡಿಯ ನಡುವೆ ಒಂದು ಊದುಬತ್ತಿ ಹಚ್ಚಿ. ಹೊಗೆ ಓರೆಯಾಗಿ ಕಿಟಕಿಯತ್ತ ಸಾಗಿದರೆ ಒಳ್ಳೆಯದು. ಸೀದಾ ಮೇಲೇರಿ ಸೂರಿನಡಿ ನಿಂತರೆ ಎದುರುಬದುರು ಕಿಟಕಿಗಳಲ್ಲಿ ಒಂದು ಮುಚ್ಚಿರಬಹುದು. ಹಳೆಯ ಚಾರ್ಟು, ಬೀರು ಅಡ್ಡ ಇಟ್ಟಿರುತ್ತಾರೆ, ಗುಬ್ಬಿ ಬಾರದಿರಲೆಂದು ಗವಾಕ್ಷಿಗೆ ರಟ್ಟು ತುರುಕಿರುತ್ತಾರೆ. ಎಲ್ಲ ತೆಗೆಸಿ. ಸೂರಿನ ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಸ್ಟ್ಯಾಂಡ್ ಫ್ಯಾನನ್ನು ಕಿಟಕಿಯ ಬಳಿ ಹೊರಮುಖವಾಗಿ ಇಟ್ಟರೆ ಒಳಗಿನ ಗಾಳಿ ಹೊರಬೀಳುತ್ತದೆ.

ನಲ್ಲಿ ಮೂರೇ ಇವೆ. 90 ಮಕ್ಕಳು ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವುದು ಹೇಗೆ?
– ಶಿಕ್ಷಕಿ, ತುಮಕೂರು ಜಿಲ್ಲೆ

ಒಬ್ಬರಿಗೆ 40 ಸೆಕೆಂಡ್, ನಲ್ಲಿಗೆ 30 ಮಕ್ಕಳು. ಲೆಕ್ಕಕ್ಕೆ 20 ನಿಮಿಷ, ನೂಕುನುಗ್ಗಲು ಸೇರಿದರೆ ಅರ್ಧ ಗಂಟೆ. ಸೋಪು ತಿಕ್ಕುವುದನ್ನು ನಲ್ಲಿಯಿಂದ ದೂರ, ಸಾಲಿನಲ್ಲೇ ಮುಗಿಸಿ. ನಲ್ಲಿ ತೊಳೆಯಲಿಕ್ಕೆ ಮಾತ್ರ. ಸೋಪನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ ತೂಗುಹಾಕಿದರೆ ಜಾರಿ ಬೀಳದು, ಕಳೆಯದು. ಊಟದ ಹೊತ್ತೇ ದಿನದ ಅಪಾಯದ ಹೊತ್ತು, ಎಲ್ಲರ ಮಾಸ್ಕೂ ಕೆಳಗಿರುತ್ತದೆ. ಬಯಲಲ್ಲಿ, ಗುಂಪು ಗುಂಪಾಗಿ ಬಡಿಸಿ, ಎದುರುಬದುರು ಕೂರಿಸಬೇಡಿ.

ಶೀತವಾದ ಮಗುವನ್ನು ವಾಪಸ್ ಕಳಿಸಿದರೆ ಪೋಷಕರು ಜಗಳಕ್ಕೆ ಬರುತ್ತಾರೆ.
– ಶಿಕ್ಷಕ, ಶಿವಮೊಗ್ಗ ಜಿಲ್ಲೆ

ಬಿಸಿಲಲ್ಲಿ ನಡೆದು ಬಂದ ಮಗುವಿನ ಹಣೆ ಬಿಸಿಯಾಗಿಯೇ ಇರುತ್ತದೆ. ಹತ್ತು ನಿಮಿಷ ನೆರಳಲ್ಲಿ ಕೂರಿಸಿ ಥರ್ಮಲ್ ಸ್ಕ್ಯಾನರ್ ಹಿಡಿಯಿರಿ. ಜ್ವರ, ಕೆಮ್ಮು ಇದ್ದರೆ ಕಿಟಕಿ ತೆರೆದ ಬೇರೆ ಜಾಗದಲ್ಲಿ ಕೂರಿಸಿ ಪೋಷಕರನ್ನು ಕರೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಪೂರ್ಣ ಹಾಜರಿಗೆ ಬಹುಮಾನ ಕೊಡುವ ರೂಢಿ ನಿಮ್ಮಲ್ಲಿದ್ದರೆ ಕೈಬಿಡಿ. ಜ್ವರ ಮುಚ್ಚಿಟ್ಟುಕೊಂಡು ಬರುವುದನ್ನು ಮಕ್ಕಳಿಗೆ ಅದೇ ಕಲಿಸುತ್ತದೆ.

ಶಾಲೆಗೆ ಕಳಿಸಲು ಒಪ್ಪಿಗೆ ಪತ್ರ ಕೊಡದ ಪೋಷಕರ ಮಗುವಿಗೆ ಗೈರುಹಾಜರಿ ಹಾಕಬೇಕೇ?
– ಶಿಕ್ಷಕಿ, ಬೆಂಗಳೂರು

ಬೇಡ. 2021ರ ಆಗಿನ ನಿಯಮದಲ್ಲಿ ಬರಲೇಬೇಕೆಂಬ ಒತ್ತಾಯವಿರಲಿಲ್ಲ. ವಾರಕ್ಕೊಮ್ಮೆ ಪೋಷಕರ ಕೈಲಿ ಅಭ್ಯಾಸದ ಹಾಳೆ ಕೊಟ್ಟು ಕಳಿಸಿ, ಮುಂದಿನ ವಾರ ತಿದ್ದಿ ಕೊಡಿ.